ಹುಲ್ಲುಹಾಸಿನ ದಾಹ
ಬಳ್ಳಾರಿಯ ಹೊಸ ಬಡಾವಣೆಗಳಲ್ಲಿ ಉದ್ಯಾನವೆಂದರೆ ಹುಲ್ಲುಹಾಸು. ನನ್ನ ತಕರಾರು ಲೆಕ್ಕದ್ದು. 100 ಚದರ ಮೀಟರ್ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ನೀರುಣಿಸಿದರೆ 500 ಲೀಟರ್; ನಗರವಾಸಿಗೆ ಸರ್ಕಾರ ಲೆಕ್ಕ ಹಾಕುವುದು ತಲೆಗೆ 135. ‘ಸಿರುಗುಪ್ಪದ ಗದ್ದೆ ಕುಡಿಯುವುದರ ಮುಂದೆ ಇದೆಷ್ಟು?’ ಎನ್ನುತ್ತಾರೆ. ಭತ್ತ ಅನ್ನವಾಗುತ್ತದೆ ಸ್ವಾಮಿ, ಅದರ ಹುಲ್ಲು ದನಕ್ಕಾಗುತ್ತದೆ. ಈ ಹುಲ್ಲಿನ ಮೇಲೆ ಮಕ್ಕಳು ಕಾಲಿಡಲೂ ಬೋರ್ಡು ಬಿಡದು! ಎರಡಕ್ಕೂ ತುಂಗಭದ್ರೆಯೇ ಗತಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಆ ಗತಿ ಎಷ್ಟು ಗಟ್ಟಿಯೆಂದು ಕಂಡೆವು. ಕುರುಗೋಡು ಸುತ್ತಿನ ಕಲ್ಲುಗುಡ್ಡಗಳಲ್ಲಿ ತಂಗಡಿ ಯಾರ ಕೊಡವನ್ನೂ ಕಾಯದೆ ಹಳದಿಯಾಗಿ ಅರಳುತ್ತದೆ. ಅದೇ ಪಾರ್ಕಿನಲ್ಲಿ ಮೊಳೆತರೆ ಕಳೆಯೆಂದು ಕಿತ್ತೆಸೆಯುತ್ತಾರೆ. ಮುಂದಿನ ಟೆಂಡರಿನಲ್ಲಿ ಹುಲ್ಲು ಹೊಡೆದುಹಾಕಿ ತಂಗಡಿ, ಬೇವು, ಹೊಂಗೆ ಎಂದು ಬರೆಯಲಿ. ಬುಡಕ್ಕೆ ಒಣಗಿದೆಲೆಯ ಹೊದಿಕೆ, ಮಳೆನೀರು ನಿಲ್ಲಲು ಒಂದು ತಗ್ಗು.