ದುರ್ವಾಸನೆ ಮರ ಮತ್ತು ಪ್ರಯೋಗಾಲಯದ ಇಲಿ

ಬೆಂಗಳೂರಿನ ಅವೆನ್ಯೂ ರಸ್ತೆಯ ಸುತ್ತಲಿನ ಹಳೆಯ ಪೇಟೆಯಲ್ಲಿ ಗ್ರಂಥಿಗೆ ಅಂಗಡಿಗಳು ಇಂದಿಗೂ ಉಳಿದಿವೆ. ಘಟ್ಟದ ಬೇರು, ತೊಗಟೆಗಳು ಅಲ್ಲಿ ತೂಕಕ್ಕೆ ಸಿಗುತ್ತವೆ. ಕೊಳ್ಳುವವರಲ್ಲಿ ಕ್ಯಾನ್ಸರ್ ರೋಗಿಗಳ ಮನೆಯವರೂ ಇರುವುದುಂಟು. "ಇಲಿಗಳ ಮೇಲೆ ಸಾಬೀತಾಗಿದೆ" ಎಂಬ ಮಾತೇ ಅವರಿಗೆ ಆಸರೆ. ಆ ಮಾತಿನ ತೂಕವೆಷ್ಟೆಂಬುದನ್ನು ನಮ್ಮ ವಿದ್ಯಾರ್ಥಿಗಳಾದರೂ ಅರಿಯಬೇಕು.

ಇಂಥ ಪ್ರಯೋಗಗಳಲ್ಲಿ ಹಲವು ನಡೆಯುವುದು ಹೀಗೆ. ಎರ್ಲಿಕ್ ಎಂಬ ಹೆಸರಿನ ಕ್ಯಾನ್ಸರ್ ಕೋಶಗಳನ್ನು ಆರೋಗ್ಯವಂತ ಇಲಿಯ ಹೊಟ್ಟೆಗೆ ಚುಚ್ಚಿ, ಬಹುಪಾಲು ಮರುದಿನದಿಂದಲೇ ಸಸ್ಯಸಾರ ಕೊಡುತ್ತಾರೆ. ಸಾರವಿಲ್ಲದ ಇಲಿಗಿಂತ ಕೆಲವು ದಿನ ಹೆಚ್ಚು ಬದುಕಿದರೆ ಸಸ್ಯಕ್ಕೆ 'ಕ್ಯಾನ್ಸರ್ ನಿರೋಧಕ' ಎಂಬ ಬಿರುದು. ವರ್ಷಗಟ್ಟಲೆ ಒಳಗೇ ಬೆಳೆದು ಹರಡಿದ ಮನುಷ್ಯನ ರೋಗ ಬೇರೆಯೇ. 'ಉತ್ಕರ್ಷಣ ನಿರೋಧಕ' ಗುಣವಂತೂ ಗಾಜಿನ ನಳಿಕೆಯಲ್ಲಿ ನೇರಳೆ ದ್ರಾವಣ ಹಳದಿಗೆ ತಿರುಗಿದರೆ ಸಾಕು, ಸಿದ್ಧವಾಗಿಬಿಡುತ್ತದೆ! ಫಿನ್ಲೆಂಡಿನಲ್ಲಿ ಸುಮಾರು 29,000 ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಥದೇ ಗುಣದ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು.

ಆದರೂ ಇಲಿಯ ಪ್ರಯೋಗವನ್ನು ನಾನು ಹಳಿಯಲಾರೆ. 1966ರಲ್ಲಿ ವಾಲ್ ಮತ್ತು ವಾನಿ ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಬೇರ್ಪಡಿಸಿದ್ದು ರಕ್ತಕ್ಯಾನ್ಸರಿನ ಇಲಿಗಳ ದಾರಿಯಿಂದಲೇ. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ನಮ್ಮ ಘಟ್ಟದ ದುರ್ವಾಸನೆ ಮರದಲ್ಲಿ ಕಂಡರು. ಅಷ್ಟರಲ್ಲಿ ಮನುಷ್ಯರ ಮೇಲಿನ ಪರೀಕ್ಷೆ ಸೋತಿತ್ತು: ಮೂತ್ರಕೋಶದಲ್ಲಿ ರಕ್ತಸ್ರಾವದಂಥ ತೀವ್ರ ಬಾಧೆಗಳಿಂದ ಅದನ್ನು ಕೈಬಿಡಬೇಕಾಯಿತು. ಅಣುವನ್ನು ಮಾರ್ಪಡಿಸಿ ಪಡೆದ ಟೊಪೊಟೆಕಾನ್, ಇರಿನೊಟೆಕಾನ್ ಔಷಧಗಳಿಗೆ ಅಮೆರಿಕದಲ್ಲಿ ಮಂಜೂರಾತಿ ದೊರೆತದ್ದು 1996ರಲ್ಲಿ. ಇಲಿಯಿಂದ ಆಸ್ಪತ್ರೆಗೆ ಮೂವತ್ತು ವರ್ಷ ಹಿಡಿದ ಈ ವಸ್ತುವಿನ ತೊಗಟೆಯನ್ನು ಮನೆಯಲ್ಲಿ ಕುದಿಸಿ ಕುಡಿಸುವುದು ಚಿಕಿತ್ಸೆಯಲ್ಲ, ಅಪಾಯ.

ಬೇಡಿಕೆ ಹುಟ್ಟಿದ ಮೇಲೆ ಕೊಡಲಿ ಬಿದ್ದದ್ದು ಮಾತ್ರ ನಮ್ಮ ಕಾಡಿನಲ್ಲಿ. ಮರದಿಂದ ಮರಕ್ಕೆ ಕ್ಯಾಂಪ್ಟೊಥೆಸಿನ್ ಪ್ರಮಾಣ ಬಹಳ ವ್ಯತ್ಯಾಸವಾಗುತ್ತದೆಂದು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದ್ದಾರೆ. ಹಾಗಿದ್ದಮೇಲೆ ಹೆಚ್ಚು ಸಾರವುಳ್ಳ ಮರಗಳ ಬೀಜದಿಂದ ಸಸಿ ಬೆಳೆಸಿ ತೋಟದ ಅಂಚಿನಲ್ಲಿ ನೆಡುವುದು ಸಾಧ್ಯ, ಕಾಡುಮರ ಕಡಿಯಬೇಕಿಲ್ಲ. ಸಸ್ಯಸಾರ ಪರೀಕ್ಷೆಗೆ ಹಣ ನೀಡುವವರು ಅದರಲ್ಲೊಂದು ಪಾಲನ್ನು ನರ್ಸರಿಗೆ ಮೀಸಲಿಡಲಿ. 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯಿತಿ ಮಟ್ಟದಲ್ಲಿ ನಿರ್ವಹಣಾ ಸಮಿತಿ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮೂರಿನ ಕಾಡಿನಿಂದ ಯಾವ ತೊಗಟೆ ಹೊರಹೋಗುತ್ತಿದೆ, ಎಷ್ಟು, ಯಾರ ಅನುಮತಿಯಿಂದ?