ಒಂಟೆ ಕಟ್ಟದವನ ತವಕ್ಕುಲ್

ಕಳೆದ ವರ್ಷ ಮುಂಗಾರು ಬಿತ್ತನೆಯ ದಿನಗಳು. ಜುಮಾ ನಮಾಝ್ ಮುಗಿಸಿ ದೊಡವಾಡದ ಮಸೀದಿಯಿಂದ ಹೊರಬರುತ್ತಿದ್ದಾಗ ಪರಿಚಿತ ರೈತರೊಬ್ಬರು ಕೈ ಹಿಡಿದು ನಿಲ್ಲಿಸಿದರು. "ಮಾಸ್ತರ್ರ, ದುವಾ ಮಾಡ್ರಿ. ಮಗಾ ಫಾರಿನ್ನಿಗೆ ಓದಾಕ ಹೊಂಟಾನ" ಎಂದರು. ಸಂತೋಷವಾಯಿತು. ಯಾವ ದೇಶ, ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸು ಎಂದು ವಿಚಾರಿಸಿದೆ. "ಅದೆಲ್ಲಾ ಏಜೆಂಟ್ರಿಗೆ ಗೊತ್ರಿ. ನಾವು ಎರಡೆಕರೆ ಎರಿ ಹೊಲಾ ಒತ್ತಿ ಇಟ್ಟೇವಿ. ಮುಂದ ಅಲ್ಲಾ ಅದಾನ" ಎಂದರು.

ಆ ತಂದೆಯ ಈಮಾನಿನ ಬಗ್ಗೆ ನನಗೆ ಸಂಶಯವಿಲ್ಲ. ನನ್ನ ತಕರಾರು ಇರುವುದು ನಾವೆಲ್ಲರೂ ತವಕ್ಕುಲ್ ಎಂಬ ಪವಿತ್ರ ಪದಕ್ಕೆ ಕೊಟ್ಟಿರುವ ಅರ್ಥದ ಬಗ್ಗೆ. ಮಾಡಬೇಕಾದ ಕೆಲಸವನ್ನು ಮಾಡದೆ, ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಎಲ್ಲವನ್ನೂ ಅಲ್ಲಾಹನಿಗೆ ಒಪ್ಪಿಸಿದ್ದೇವೆ ಎನ್ನುವುದು ತವಕ್ಕುಲ್ ಅಲ್ಲ, ಆಲಸ್ಯ. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಲೇ, ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ ಪ್ರವಾದಿ(ಸ)ರು ಮೊದಲು ಕಟ್ಟಲು ಹೇಳಿದರೆಂಬುದನ್ನು ನಾವು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೇವೆ. ಆದರೆ ಮಗನನ್ನು ಕಡಲಾಚೆಗೆ ಕಳುಹಿಸುವಾಗ ಹಗ್ಗವನ್ನು ಏಜೆಂಟನ ಕೈಗೆ ಕೊಟ್ಟು ಮನೆಗೆ ಬರುತ್ತೇವೆ.

ಇಸ್ಲಾಮಿನ ಇತಿಹಾಸದ ಅತ್ಯಂತ ಮಹತ್ವದ ಪ್ರಯಾಣವೆಂದರೆ ಹಿಜ್ರತ್. ಅಲ್ಲಾಹನ ನೆರವಿನ ಭರವಸೆ ಪ್ರವಾದಿ(ಸ)ರಿಗಿಂತ ಹೆಚ್ಚಾಗಿ ಯಾರಿಗಿತ್ತು? ಆದರೂ ಆ ಪ್ರಯಾಣದ ಸಿದ್ಧತೆಯನ್ನು ಗಮನಿಸಿರಿ. ಅಬೂಬಕರ್(ರ) ಎರಡು ಒಂಟೆಗಳನ್ನು ನಾಲ್ಕು ತಿಂಗಳು ಮೇವು ಹಾಕಿ ಸಾಕಿದ್ದರು. ಅದರಲ್ಲೊಂದನ್ನು ಪ್ರವಾದಿ(ಸ)ರು ಬೆಲೆ ಕೊಟ್ಟೇ ಪಡೆದರು. ಮದೀನ ಮಕ್ಕಾದ ಉತ್ತರಕ್ಕಿದ್ದರೂ ಮೊದಲು ದಕ್ಷಿಣದ ಸೌರ್ ಗುಹೆಯಲ್ಲಿ ಮೂರು ರಾತ್ರಿ ತಂಗಿದರು. ಅಬೂಬಕರ್(ರ)ರ ಮಗ ಅಬ್ದುಲ್ಲಾ ಊರಿನ ಸುದ್ದಿ ತರುತ್ತಿದ್ದರು. ಮಗಳು ಅಸ್ಮಾ(ರ) ಬುತ್ತಿ ಕಟ್ಟಿದರು. ದಾರಿ ಬಲ್ಲ ಅಬ್ದುಲ್ಲಾ ಬಿನ್ ಉರೈಕಿತ್‌ನನ್ನು ಕೂಲಿ ಕೊಟ್ಟು ಗೊತ್ತು ಮಾಡಿಕೊಂಡರು. ಆತ ಆಗ ಮುಸ್ಲಿಮನಾಗಿರಲಿಲ್ಲ, ಆದರೆ ನಂಬಿಗಸ್ತನೆಂದು ತಿಳಿದೇ ಅವನಿಗೆ ಒಂಟೆಗಳನ್ನು ಒಪ್ಪಿಸಿದ್ದರು. ವಾಹನ, ಹಣ, ಮಾರ್ಗ, ಮಾಹಿತಿ, ಆಹಾರ, ಮಾರ್ಗದರ್ಶಕ — ಯಾವುದನ್ನೂ ಅದೃಷ್ಟಕ್ಕೆ ಬಿಡಲಿಲ್ಲ. ಅದಕ್ಕೂ ಮುಂಚೆ, ಕ್ರಿ.ಶ. 615ರಲ್ಲಿ ಅನುಯಾಯಿಗಳನ್ನು ಅಬಿಸೀನಿಯಕ್ಕೆ ಕಳುಹಿಸಿದಾಗಲೂ ಅಲ್ಲಿನ ದೊರೆಯ ಆಳ್ವಿಕೆಯಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ ಎಂಬುದನ್ನು ಅರಿತೇ ಕಳುಹಿಸಿದ್ದರು.

ಇನ್ನು ನಮ್ಮ ಮನೆಗಳ ಸಿದ್ಧತೆಯನ್ನು ನೋಡೋಣ. ಮಾರ್ಗದರ್ಶಕನಿಗೆ ಕೂಲಿ ಕೊಡುವುದು ತಪ್ಪಲ್ಲ. ಆದರೆ ಅನೇಕ ಏಜೆಂಟರಿಗೆ ಕಮಿಷನ್ ಬರುವುದು ವಿದೇಶದ ಕಾಲೇಜುಗಳಿಂದ. ಅಂಥವನು ನಿಮ್ಮ ಮಗನಿಗೆ ಒಳ್ಳೆಯದಾದ ಕಾಲೇಜನ್ನು ತೋರಿಸುವನೋ, ತನಗೆ ಹೆಚ್ಚು ಕೊಡುವ ಕಾಲೇಜನ್ನೋ? 2023ರಲ್ಲಿ ಕೆನಡಾದಲ್ಲಿ ನಕಲಿ ಪ್ರವೇಶಪತ್ರಗಳ ಕಾರಣದಿಂದ ಅನೇಕ ಭಾರತೀಯ ವಿದ್ಯಾರ್ಥಿಗಳು ಗಡೀಪಾರಿನ ಭೀತಿ ಎದುರಿಸಿದರು. ಪತ್ರ ತಂದುಕೊಟ್ಟವನು ಏಜೆಂಟ್, ಸಿಕ್ಕಿಬಿದ್ದವರು ಮಕ್ಕಳು. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡುವ ಕುರಿತಾಗಿದೆ. ಅದನ್ನು ಓದುವ ನಾವೇ ಲಕ್ಷಗಟ್ಟಲೆ ಹಣವನ್ನು ರಸೀದಿಯಿಲ್ಲದೆ ಎಣಿಸಿ ಕೊಡುತ್ತೇವೆ!

ತಿಳಿಯಬೇಕಾದುದು ಗುಟ್ಟಿನ ವಿದ್ಯೆಯೇನಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಆದರೆ ವರ್ಷದ ಜೀವನವೆಚ್ಚವಾಗಿ 11,904 ಯೂರೋ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ತೋರಿಸಬೇಕೆಂದು 2024ರಲ್ಲಿ ನಿಗದಿಯಾಯಿತು. ಬ್ರಿಟನ್ನಿನ ವೀಸಾಕ್ಕೆ ಅಗತ್ಯದ ಹಣ ಸತತ 28 ದಿನ ಖಾತೆಯಲ್ಲಿರಬೇಕು. ಐಇಎಲ್‌ಟಿಎಸ್ ಅಂಕಗಳಿಗೆ ಎರಡೇ ವರ್ಷ ಆಯಸ್ಸು. ವಿದೇಶದಲ್ಲಿ ಎಂಬಿಬಿಎಸ್ ಓದಿ ಬಂದು ಇಲ್ಲಿ ವೈದ್ಯನಾಗಬೇಕಾದರೆ ನೀಟ್ ಅರ್ಹತೆ ಬೇಕು. 2021ರ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳದ್ದಾಗಿ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಇವೆಲ್ಲವೂ ಆಯಾ ದೇಶಗಳ, ಸಂಸ್ಥೆಗಳ ಅಧಿಕೃತ ಜಾಲತಾಣಗಳಲ್ಲಿವೆ, ಕಾಲಕಾಲಕ್ಕೆ ಬದಲಾಗುತ್ತವೆ. ಓದಬಲ್ಲ ಮಗಳು ಮನೆಯಲ್ಲೇ ಇದ್ದಾಳೆ. ಆದರೆ ಅಸ್ಮಾ(ರ)ರ ಕಥೆಯನ್ನು ಹೆಮ್ಮೆಯಿಂದ ಹೇಳುವ ನಾವು ಆ ಮಗಳನ್ನು ಕರೆದು ಕೂರಿಸುವುದಿಲ್ಲ.

ಭಾಷೆಯ ವಿಷಯದಲ್ಲೂ ಹೀಗೆಯೇ. ಝೈದ್ ಬಿನ್ ಸಾಬಿತ್(ರ) ಪ್ರವಾದಿ(ಸ)ರ ಆಜ್ಞೆಯಂತೆ ಯಹೂದಿಯರ ಬರಹವನ್ನು ಅರ್ಧ ತಿಂಗಳಲ್ಲಿ ಕಲಿತರು. ನಮ್ಮ ಹುಡುಗರು ಪಿಯುಸಿಯ ಎರಡು ವರ್ಷ ಮೊಬೈಲಿನಲ್ಲಿ ಕಳೆದು, ಕೊನೆಯ ಎರಡು ತಿಂಗಳಲ್ಲಿ ಇಂಗ್ಲಿಷ್ ಕೋಚಿಂಗಿಗೆ ಧಾರವಾಡಕ್ಕೆ ಓಡುತ್ತಾರೆ.

ಇನ್ನೊಂದು ಕಹಿ ಮಾತು. ವೀಸಾಕ್ಕೆ ತೋರಿಸಲೆಂದೇ ಕೆಲವು ದಿನಗಳ ಮಟ್ಟಿಗೆ ಬಡ್ಡಿಗೆ ಹಣ ತಂದು ಖಾತೆಗೆ ಹಾಕಿ, ನಮ್ಮದೇ ಎಂದು ಬರೆದುಕೊಡುವ ರೂಢಿ ಬೆಳೆದಿದೆ. ಇದರಲ್ಲಿ ಬಡ್ಡಿಯೂ ಇದೆ, ಸುಳ್ಳು ಸಾಕ್ಷ್ಯವೂ ಇದೆ. ಎರಡು ಮಹಾಪಾಪಗಳ ಮೇಲೆ ನಿಂತ ವಿದ್ಯೆಯಲ್ಲಿ ಬರಕತ್ ಹುಡುಕುವುದು ಹೇಗೆ?

ಆದರೆ ಇಲ್ಲಿ ತಂದೆಯೊಬ್ಬನನ್ನೇ ಕಟಕಟೆಗೆ ನಿಲ್ಲಿಸುವುದು ಅನ್ಯಾಯ. ಬಡ್ಡಿ ಹರಾಮ್ ಎಂದು ಮಿಂಬರಿನಿಂದ ಹೇಳಿ ಇಳಿದುಹೋಗುವ ಜಮಾಅತ್, ಬಡ್ಡಿಯಿಲ್ಲದ ಹಣ ಎಲ್ಲಿ ಸಿಗುತ್ತದೆಂದು ಹೇಳದಿದ್ದರೆ ಅರ್ಧ ಮಾತನ್ನೇ ಹೇಳಿದಂತೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ನೀಡುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆ 2022-23ರಿಂದ ನಿಂತುಹೋಯಿತು. ಅದನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಹೊರದೇಶದ ಓದಿಗೆ ನೀಡುವ ಸಾಲಕ್ಕೆ ಆದಾಯ ಪ್ರಮಾಣಪತ್ರ, ಆಸ್ತಿಯ ಕಾಗದಗಳನ್ನು ಹೊಂದಿಸಿ ಸಕಾಲದಲ್ಲಿ ಅರ್ಜಿ ಹಾಕಿದ ಎಷ್ಟು ಮನೆಗಳು ನಮ್ಮಲ್ಲಿವೆ?

ದೂರ ಹೋಗುವುದು ಬೇಡ. ನೆರೆಯ ಸವದತ್ತಿ ತಾಲ್ಲೂಕಿನ ಶಿರಸಂಗಿಯನ್ನು ನೋಡಿರಿ. 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ಶಿಕ್ಷಣಕ್ಕೆಂದು ಉಯಿಲು ಬರೆದಿಟ್ಟರು. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆ ಕಟ್ಟಿದರು. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ಗೆ ಹೋಗಿ ಗಣಿತ ಓದಿ ಬಂದರು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. ನೆರೆಯವರನ್ನು ನೋಡಿ ಅಸೂಯೆಪಡಲು ಇದನ್ನು ಬರೆಯುತ್ತಿಲ್ಲ. ಆಸ್ತಿಯನ್ನು ಜನಹಿತಕ್ಕೆ ಮೀಸಲಿಡುವ ವಕ್ಫ್ ನಮ್ಮ ಮನೆಯ ಪದ. ಅದರ ಫಲವನ್ನು ಪಕ್ಕದ ಮನೆಯಲ್ಲಿ ನೋಡಿ ಕಲಿಯಬೇಕಾಗಿ ಬಂದಿರುವುದು ನಾಚಿಕೆಯ ವಿಷಯವಲ್ಲವೇ?

ಹಣವಿಲ್ಲ ಎನ್ನಬೇಡಿರಿ. ನಿಕಾಹ್ ಸರಳವಾಗಿರಬೇಕೆಂದು ಹೇಳುತ್ತಲೇ ಮಂಟಪಕ್ಕೆ, ಊಟಕ್ಕೆ, ವಾಹನಗಳ ಸಾಲಿಗೆ ನಾವು ಸುರಿಯುವ ಹಣವನ್ನು ಊರೇ ನೋಡಿದೆ. ಪ್ರತಿ ಮದುವೆಯಿಂದ ಒಂದು ಪಾಲು ಜಮಾಅತಿನ ಕರ್ಝೆ ಹಸನ್ ನಿಧಿಗೆ ಬರಲಿ. ಓದಿ ದುಡಿಯುವವನು ಮರಳಿಸಲಿ, ಅದು ಮುಂದಿನವನಿಗೆ ಸಿಗಲಿ. ಮಸೀದಿಯ ಒಂದು ಕೋಣೆಯಲ್ಲಿ ವಾರಕ್ಕೊಂದು ಸಂಜೆ, ಊರಿನ ಪದವೀಧರರು ಎಸೆಸೆಲ್ಸಿ, ಪಿಯುಸಿ ಮಕ್ಕಳೊಂದಿಗೆ ಕುಳಿತು ಅರ್ಜಿ, ಭಾಷೆ, ಖರ್ಚುಗಳ ಲೆಕ್ಕ ಹೇಳಿಕೊಡಲಿ. ಪಾಸ್‌ಪೋರ್ಟಿನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಲಿ. ಇಸ್ತಿಖಾರದ ಜೊತೆ ಮಶ್ವರವೂ ನಡೆಯಲಿ. ಲೆಕ್ಕ ಹಾಕಿದ ಮೇಲೆ ಹೋಗದಿರುವುದೇ ಒಳಿತೆಂದು ಕಂಡರೆ ಆ ಹೊಲವಾದರೂ ಉಳಿಯುತ್ತದೆ.

ಆ ದಿನ ಆ ತಂದೆಗಾಗಿ ನಾನು ದುಆ ಮಾಡಿದೆ. ಆದರೆ ಎರಡು ವರ್ಷ ಮುಂಚೆಯೇ ಆ ಹುಡುಗನನ್ನು ಕರೆದು ಕೂರಿಸಿಕೊಳ್ಳಲಿಲ್ಲವಲ್ಲ ಎಂಬ ಪ್ರಶ್ನೆಗೆ, ಅದೇ ಊರಿನ ಮಾಸ್ತರನಾದ ನನ್ನಲ್ಲೂ ಉತ್ತರವಿಲ್ಲ. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಅದನ್ನು ಏಜೆಂಟನಿಗೆ ಕೇಳುವುದಿಲ್ಲ, ನಮಗೇ ಕೇಳುತ್ತಾರೆ.

ಒಂಟೆಯನ್ನು ಕಟ್ಟುವ ವಿವೇಕವನ್ನೂ, ಕಟ್ಟಿದ ಮೇಲೆ ಅವನ ಮೇಲೆಯೇ ಭರವಸೆಯಿಡುವ ಈಮಾನನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.