ಬೀದಿಗೆ ಬೀಗ ಹಾಕುವವರಾರು?

1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳನ್ನು ಕಟ್ಟಿಸುವಾಗ ಅರಸೊತ್ತಿಗೆಗೂ ಒಂದು ವಿವೇಕವಿತ್ತು: ಕ್ರಾಸ್ ರೋಡುಗಳೆಲ್ಲ ಮೇನ್ ರೋಡಿಗೆ ಕೂಡಬೇಕು. ಒಂದು ಬೀದಿ ಕಟ್ಟಿದರೆ ಇನ್ನೊಂದರಲ್ಲಿ ಹೋಗಬಹುದಿತ್ತು. ಮೂಲೆಯ ಅಂಗಡಿಯೂ ನಡೆಯುತ್ತಿತ್ತು.

ಇಂದು ವೈಟ್‌ಫೀಲ್ಡ್, ಸರ್ಜಾಪುರದ ಕಡೆ? ಹಳ್ಳಿಯ ಗಾಡಿದಾರಿಯೇ ರಸ್ತೆ. ಅದರ ಪಕ್ಕ ಬಂಡವಾಳಗಾರರು ತುಂಡು ತುಂಡಾಗಿ ಕೊಂಡ ಹೊಲಗಳಿಗೆ ಎತ್ತರದ ಕಾಂಪೌಂಡು, ಗೇಟು, ಕಾವಲುಗಾರ. ಗೋಡೆಯಾಚೆಯೇ ಇರುವ ಬಸ್ಸಿಗೆ ಮನೆಗೆಲಸದ ಹೆಂಗಸು ಊರು ಸುತ್ತಿ ಹೋಗಬೇಕು. ಬರೀ ಗೋಡೆಯ ಮುಂದೆ ಸಣ್ಣ ವ್ಯಾಪಾರಿಗೆ ಗಿರಾಕಿಯೆಲ್ಲಿ? ವಾಹನಗಳೆಲ್ಲ ಒಂದೇ ರಸ್ತೆಗೆ ಬಿದ್ದು ನಿಂತರೆ ಮೇಲ್ಸೇತುವೆ ಕಟ್ಟುತ್ತಾರೆ, ನಮ್ಮ ತೆರಿಗೆಯಿಂದ!

ನಮ್ಮೂರಿನ ಸುತ್ತಲೂ ಈಗ ಲೇಔಟಿನ ಕಲ್ಲು ನೆಡುತ್ತಿದ್ದಾರೆ. ಪಕ್ಕದ ಬಡಾವಣೆಯ ಬೀದಿಗೆ ಕೂಡದ ನಕ್ಷೆಗೆ ಯೋಜನಾ ಪ್ರಾಧಿಕಾರ ಮಂಜೂರಾತಿ ಕೊಡಕೂಡದು. ಗೋಡೆ ಏಳುವ ಮೊದಲೇ ಇದನ್ನು ನಾವು ಕೇಳಬೇಕು.